ನನ್ನ ಫೋನೇ ಹೇಳಿದ ಸಾಕ್ಷಿ

ಕೆಲಸ ಹುಡುಕುವವರಿಗೆ ‘ಅಟೆಸ್ಟೇಷನ್’ ಹೊಸ ಪದವಲ್ಲ. ಅಂಕಪಟ್ಟಿಯ ಜೆರಾಕ್ಸ್ ಹಿಡಿದು ಗೆಜೆಟೆಡ್ ಅಧಿಕಾರಿಯ ಸಹಿ, ಸೀಲಿಗಾಗಿ ಕಾದವರೇ ನಾವೆಲ್ಲ. ಅದೇ ಪದ ನನ್ನ ಮೊದಲ ಸಂದರ್ಶನದಲ್ಲಿ ನನ್ನನ್ನು ಬೀಳಿಸಿತು.

ಮೊಬೈಲ್ ಆ್ಯಪ್ ತಯಾರಿಸುವ ಕಂಪನಿಯದು. ‘ಗ್ರಾಹಕರ ಲಾಗಿನ್ ಕೀ ಫೋನಿನ ಸುರಕ್ಷಿತ ಹಾರ್ಡ್‌ವೇರ್‌ನಲ್ಲೇ ಇದೆ ಎಂದು ಹೇಗೆ ನಂಬುತ್ತೀರಿ?’ ಎಂದರು. ‘ಕೀ ಅಟೆಸ್ಟೇಷನ್ ಸರ್ಟಿಫಿಕೇಟ್ ಪರಿಶೀಲಿಸ್ತೀನಿ ಸರ್.’ ‘ಎಲ್ಲಿ?’ ‘ಆ್ಯಪ್‌ನಲ್ಲೇ.’ ಅವರು ನಕ್ಕರು: ‘ಪಂಚನಾಮೆ ಬರೆಯೋಕೆ ಕಳ್ಳನ ಕೈಗೇ ಪೆನ್ನು ಕೊಟ್ಟ ಹಾಗಾಯ್ತಲ್ಲಪ್ಪ!’

ಕೆಲಸ ಸಿಗಲಿಲ್ಲ. ಹಟ ಮಾತ್ರ ಹುಟ್ಟಿತು. ರಾತ್ರಿಯೆಲ್ಲ ಕುಳಿತು ಓದಿದೆ.

2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದ ಈ ಸೌಲಭ್ಯವಿದೆ. ಫೋನಿನೊಳಗಿನ ಪ್ರತ್ಯೇಕ ಸುರಕ್ಷಿತ ಭಾಗದಲ್ಲಿ ಕೀ ಹುಟ್ಟುತ್ತದೆ, ಅಲ್ಲೇ ಉಳಿಯುತ್ತದೆ. ಅದಕ್ಕೆ ಸಾಕ್ಷಿಯಾಗಿ ಸರ್ಟಿಫಿಕೇಟ್‌ಗಳ ಸರಪಳಿ ಬರುತ್ತದೆ. ಕೆಳಗಿನದಕ್ಕೆ ಮೇಲಿನದು ಸಹಿ ಹಾಕಿರುತ್ತದೆ, ತುದಿಯಲ್ಲಿ ಗೂಗಲ್‌ನ ರೂಟ್ ಸರ್ಟಿಫಿಕೇಟ್. ಕೈಚಳಕ ಮಾಡಿದ ಫೋನಿನಲ್ಲಿ ಆ್ಯಪ್‌ನ ಉತ್ತರವನ್ನೇ ತಿದ್ದಬಹುದು. ಹಾಗಾಗಿ ಪರಿಶೀಲನೆ ನಮ್ಮ ಸರ್ವರ್‌ನಲ್ಲೇ ಆಗಬೇಕು.

ಅಲ್ಲಿ ಏನೇನು ನೋಡಬೇಕು? ಮೊದಲು ಪ್ರತಿಯೊಂದು ಸಹಿ. ರೂಟ್‌ನ ಹೆಸರು ನೋಡಿದರೆ ಸಾಲದು; ರಬ್ಬರ್ ಸೀಲನ್ನು ಯಾರು ಬೇಕಾದರೂ ಮಾಡಿಸಬಹುದು. ಗೂಗಲ್ ಪ್ರಕಟಿಸಿದ ಪಬ್ಲಿಕ್ ಕೀ ಜೊತೆ ಅದು ತಾಳೆಯಾಗಬೇಕು. ಆಮೇಲೆ, ಸರಪಳಿಯ ಯಾವುದಾದರೂ ಸರ್ಟಿಫಿಕೇಟ್ ರದ್ದಾದವುಗಳ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು. ಸರ್ವರ್ ಆಗಷ್ಟೇ ಕಳಿಸಿದ ‘ಚಾಲೆಂಜ್’ ಸಂಖ್ಯೆ ಒಳಗಿರಬೇಕು, ಇಲ್ಲವಾದರೆ ಹಳೆಯ ಕಾಗದವನ್ನೇ ಮತ್ತೆ ತೋರಿಸಬಹುದು. ಭದ್ರತಾ ಮಟ್ಟ ‘ಸಾಫ್ಟ್‌ವೇರ್’ ಎಂದಿದ್ದರೆ ಹಾರ್ಡ್‌ವೇರ್‌ನ ಭರವಸೆಯಿಲ್ಲ. ಬೂಟ್‌ಲೋಡರ್ ಲಾಕ್ ಆಗಿದೆಯೇ ಎಂಬುದೂ ಅಲ್ಲೇ ದಾಖಲಾಗಿರುತ್ತದೆ.

ಕೊನೆಯದು ನನಗೆ ತಡವಾಗಿ ಹೊಳೆದದ್ದು. ಅಸಲಿ ಪದವಿ ಪಡೆದವನೊಬ್ಬ ತಾನೇ ಸಹಿ ಹಾಕಿ ಗೆಳೆಯನಿಗೂ ಪದವಿ ಬರೆದುಕೊಟ್ಟರೆ? ಅಸಲಿ ಕೀ ಇರುವ ವಂಚಕ ಹಾಗೆಯೇ ಸರಪಳಿಯ ಕೆಳಗೆ ತನ್ನದೊಂದು ನಕಲಿ ಕೊಂಡಿ ಸೇರಿಸಬಲ್ಲ. ಸಹಿಗಳೆಲ್ಲ ಸರಿಯಾಗಿಯೇ ಕಾಣುತ್ತವೆ! ಅದಕ್ಕೇ ಅಟೆಸ್ಟೇಷನ್ ವಿವರ ಎರಡು ಕಡೆ ಇದ್ದರೆ, ರೂಟ್‌ಗೆ ಹತ್ತಿರವಿರುವುದನ್ನು ಮಾತ್ರ ನಂಬಬೇಕು.

ಲ್ಯಾಪ್‌ಟಾಪ್‌ನಲ್ಲೇ ಪುಟ್ಟ ಸರ್ವರ್ ಬರೆದು ನನ್ನ ಹಳೆಯ ಫೋನನ್ನು ಪರೀಕ್ಷಿಸಿದೆ. ಕಾಲೇಜಿನಲ್ಲಿ ಶೋಕಿಗೆಂದು ಅದರ ಬೂಟ್‌ಲೋಡರ್ ಅನ್‌ಲಾಕ್ ಮಾಡಿದ್ದೆ. ‘ಲಾಕ್ ಆಗಿಲ್ಲ’ ಎಂದು ಫೋನು ನನ್ನ ವಿರುದ್ಧವೇ ಸಾಕ್ಷಿ ಹೇಳಿತು. ಸೋತ ಮೇಲೆ ಅಂದು ಮೊದಲ ಬಾರಿಗೆ ನಕ್ಕೆ.

ನಾಲ್ಕು ತಿಂಗಳ ನಂತರ ಇನ್ನೊಂದು ಸಂದರ್ಶನ. ‘ಏನಾದರೂ ಮಾಡಿದ್ದೀರಾ?’ ಎಂದಾಗ ಆ ಸರ್ವರ್ ತೋರಿಸಿ, ಮೊದಲ ಸಂದರ್ಶನದ ತಪ್ಪನ್ನೂ ಹೇಳಿದೆ. ಈಗ ಅಲ್ಲೇ ಕೆಲಸದಲ್ಲಿದ್ದೇನೆ. ಗೊತ್ತಿಲ್ಲದ ಪ್ರಶ್ನೆಯೊಂದು ನಿಮ್ಮನ್ನು ಬೀಳಿಸಿದರೆ ಅದನ್ನು ಅಲ್ಲೇ ಬಿಟ್ಟು ಬರಬೇಡಿ, ಮನೆಗೆ ತನ್ನಿ.