ಚಪ್ಪಟೆ ಕೀಲಿಮಣೆಯೂ ಒತ್ತಕ್ಷರವೂ

ಬರೆಯುವ ಉಪಕರಣಕ್ಕೂ ಬರೆಹದಲ್ಲಿ ನುಸುಳುವ ತಪ್ಪುಗಳಿಗೂ ನಿಕಟವಾದ ಸಂಬಂಧವುಂಟೆಂಬುದು ಗ್ರಂಥಸಂಪಾದಕರಿಗೆ ಹೊಸ ಮಾತೇನಲ್ಲ. ಕಬ್ಬಿಣದ ಕಂಟದಿಂದ ಓಲೆಯನ್ನು ಕೊರೆಯುತ್ತಿದ್ದ ಲಿಪಿಕಾರರು ಎ-ಏ, ಒ-ಓಗಳ ಭೇದವನ್ನು ಎಷ್ಟೋ ವೇಳೆ ತೋರಿಸುತ್ತಿರಲಿಲ್ಲ. ಮಹಾಪ್ರಾಣವನ್ನು ಸೂಚಿಸುವ ಸಣ್ಣ ಗೀಟು ಹಲವೆಡೆ ಬಿಟ್ಟುಹೋಗುತ್ತಿತ್ತು. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ 1964ರಲ್ಲಿ ಪ್ರಕಟವಾದಂದಿನಿಂದ ಇಂತಹ ಸ್ಖಾಲಿತ್ಯಗಳನ್ನು ಗುರುತಿಸುವ ಶಿಸ್ತು ನಮ್ಮಲ್ಲಿ ಚೆನ್ನಾಗಿ ಬೆಳೆದಿದೆ. ಆದರೆ ಇಂದಿನ ಪ್ರತಿಕಾರನ ಕೈಯಲ್ಲಿರುವುದು ಕಂಟವಲ್ಲ, ಲೇಖನಿಯೂ ಅಲ್ಲ, ಗಣಕಯಂತ್ರದ ಕೀಲಿಮಣೆ. ಅದು ಯಾವ ಬಗೆಯ ತಪ್ಪುಗಳಿಗೆ ಎಡೆಮಾಡಿಕೊಡುತ್ತದೆಂಬುದನ್ನು ನಾವು ಅಷ್ಟಾಗಿ ವಿಚಾರಿಸಿಲ್ಲ. ಲ್ಯಾಪ್‌ಟಾಪಿನ ಚಪ್ಪಟೆ ಕೀಲಿಮಣೆಯನ್ನೂ ಮೇಜಿನ ಗಣಕದ ಎತ್ತರದ ಕೀಲಿಮಣೆಯನ್ನೂ ಈ ದೃಷ್ಟಿಯಿಂದ ಹೋಲಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಚಾರಕ್ಕೆ ನಾವು ತೊಡಗಿದ್ದು ಕೋಲ್ಕತ್ತದಲ್ಲಿ. ಅಲಿಪುರದ ಬೆಲ್ವೆಡೇರ್ ಆವರಣದಲ್ಲಿರುವ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕೆಲವು ಹಳೆಯ ಕನ್ನಡ ಮುದ್ರಣಗಳನ್ನು ನೋಡುವ ಸಲುವಾಗಿ ನಾವು ಅಲ್ಲಿ ಕೆಲವು ವಾರ ತಂಗಿದ್ದೆವು. ಹಗಲು ಗ್ರಂಥಾಲಯ, ಇರುಳು ವಸತಿಗೃಹದ ಕೊಠಡಿಯಲ್ಲಿ, ಜೊತೆಗೆ ಒಯ್ದಿದ್ದ ಓಲೆಪ್ರತಿಯೊಂದರ ಛಾಯಾಚಿತ್ರಗಳನ್ನು ಎದುರಿಗಿಟ್ಟುಕೊಂಡು ಲ್ಯಾಪ್‌ಟಾಪಿನಲ್ಲಿ ಪ್ರತಿಮಾಡುವ ಕೆಲಸ. ಎರಡು ಸಂಧಿಗಳಷ್ಟು ಮುಗಿದ ಮೇಲೆ ನಮ್ಮ ಪ್ರತಿಯಲ್ಲಿ ‘ರತ್ನ’ ಇರಬೇಕಾದ ಕೆಲವೆಡೆ ‘ರತನ’ ಎಂದೂ ‘ಧರ್ಮ’ ಇರಬೇಕಾದಲ್ಲಿ ‘ಧರಮ’ ಎಂದೂ ಕಂಡಿತು. ಇವು ಸ್ವರಭಕ್ತಿಯಿಂದಾದ ಆಡುನುಡಿಯ ರೂಪಗಳೆಂದೂ, ಲಿಪಿಕಾರನ ಪ್ರಾದೇಶಿಕ ಉಚ್ಚಾರಣೆ ಇಲ್ಲಿ ಇಣುಕಿದೆಯೆಂದೂ ಊಹಿಸಿ ಒಂದು ಟಿಪ್ಪಣಿಯನ್ನೇ ಸಿದ್ಧಪಡಿಸಲು ಹೊರಟೆವು. ಉದಾಹರಣೆಗಳನ್ನು ಸಂಗ್ರಹಿಸಲು ಛಾಯಾಚಿತ್ರಗಳನ್ನು ಮತ್ತೆ ತೆರೆದಾಗ ಓಲೆಯಲ್ಲಿ ಎಲ್ಲೆಲ್ಲೂ ಒತ್ತಕ್ಷರ ಸ್ಪಷ್ಟವಾಗಿತ್ತು. ತಪ್ಪು ಲಿಪಿಕಾರನದಲ್ಲ, ನಮ್ಮ ಬೆರಳಿನದು. ಅಚ್ಚಿಗೆ ಹೋಗಿದ್ದರೆ ಇಲ್ಲದ ಉಪಭಾಷೆಯೊಂದನ್ನು ಹುಟ್ಟಿಸಿದ ಅಪಕೀರ್ತಿ ನಮ್ಮದಾಗುತ್ತಿತ್ತು.

ಈ ತಪ್ಪು ಹೇಗಾಯಿತೆಂಬುದನ್ನು ತಿಳಿಯಲು ಕೀಲಿಗಳ ರಚನೆಯನ್ನು ಸ್ವಲ್ಪ ಗಮನಿಸಬೇಕು. ಎರಡು ಬಗೆಯ ಮಣೆಗಳಲ್ಲೂ ಒಂದು ಕೀಲಿಯ ನಡುವಿನಿಂದ ಇನ್ನೊಂದರ ನಡುವಿಗೆ ಸುಮಾರು 19 ಮಿಲಿಮೀಟರ್ ದೂರವಿರುವುದು ರೂಢಿ. ಆದುದರಿಂದ ಬೆರಳುಗಳ ಹರವಿನಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಆಳದಲ್ಲಿ. ಮೇಜಿನ ಗಣಕದ ಕೀಲಿ ಸಾಮಾನ್ಯವಾಗಿ ಮೂರೂವರೆಯಿಂದ ನಾಲ್ಕು ಮಿಲಿಮೀಟರಿನಷ್ಟು ಕೆಳಗಿಳಿಯುತ್ತದೆ. ಇವುಗಳಲ್ಲಿ ಅಗ್ಗವಾದವು ರಬ್ಬರಿನ ಗುಮ್ಮಟದವು: ಒತ್ತಿದಾಗ ಗುಮ್ಮಟ ಕುಸಿದು ಕೆಳಗಿನ ಪದರಗಳನ್ನು ಕೂಡಿಸುತ್ತದೆ. ಯಾಂತ್ರಿಕ ಕೀಲಿಗಳೆಂದು ಕರೆಯಲಾಗುವವುಗಳಲ್ಲಿ ಪ್ರತಿಯೊಂದು ಕೀಲಿಗೂ ತನ್ನದೇ ಆದ ಸುರುಳಿ ಮತ್ತು ಸಂಪರ್ಕ ಸಾಧನವಿರುತ್ತದೆ. ಕೀಲಿ ಅರ್ಧ ದಾರಿ ಇಳಿಯುವಷ್ಟರಲ್ಲಿ ಸಂಪರ್ಕ ಏರ್ಪಡುತ್ತದೆ, ಹಲವು ಮಾದರಿಗಳಲ್ಲಿ ಆ ಕ್ಷಣ ಬೆರಳಿಗೆ ಒಂದು ಸಣ್ಣ ತಡೆಯಂತೆ ತಾಗುತ್ತದೆ. 1985ರಲ್ಲಿ ಬಂದ ಐಬಿಎಂ ಸಂಸ್ಥೆಯ ‘ಮಾಡೆಲ್ ಎಂ’ ಕೀಲಿಮಣೆ ಈ ಸ್ಪರ್ಶಕ್ಕಾಗಿಯೇ ಇಂದಿಗೂ ಹೆಸರಾಗಿದೆ. ಕೀಲಿಯ ನೆತ್ತಿ ತುಸು ಬಟ್ಟಲಿನಂತೆ ತಗ್ಗಾಗಿರುವುದರಿಂದ ಬೆರಳು ತನ್ನ ಸ್ಥಾನವನ್ನು ತಾನೇ ಅರಿಯುತ್ತದೆ.

ಲ್ಯಾಪ್‌ಟಾಪಿನ ಕೀಲಿಯಾದರೋ ಒಂದರಿಂದ ಎರಡು ಮಿಲಿಮೀಟರಿನಷ್ಟು ಮಾತ್ರ ಇಳಿಯುತ್ತದೆ. ಕತ್ತರಿಯ ಆಕಾರದಲ್ಲಿ ಒಂದಕ್ಕೊಂದು ಅಡ್ಡಹಾಯುವ ಎರಡು ಪುಟ್ಟ ಪ್ಲಾಸ್ಟಿಕ್ ಚೌಕಟ್ಟುಗಳು ಅದನ್ನು ಮಟ್ಟಸವಾಗಿ ಹಿಡಿದಿರುತ್ತವೆ. ಅಡಿಯಲ್ಲಿ ಚಿಕ್ಕ ರಬ್ಬರ್ ಗುಮ್ಮಟವಿರುತ್ತದೆ. ಕೀಲಿಯ ನೆತ್ತಿ ಬಹುಮಟ್ಟಿಗೆ ಸಮತಲ. ಈ ಚಪ್ಪಟೆತನವನ್ನು ಇನ್ನೂ ಮುಂದಕ್ಕೆ ಒಯ್ಯುವ ಪ್ರಯತ್ನವೂ ನಡೆಯಿತು. ಆಪಲ್ ಸಂಸ್ಥೆ 2015ರಲ್ಲಿ ‘ಚಿಟ್ಟೆ’ ಎಂಬ ಹೆಸರಿನ ತೀರ ತೆಳುವಾದ ಕೀಲಿಗಳನ್ನು ತನ್ನ ಲ್ಯಾಪ್‌ಟಾಪುಗಳಲ್ಲಿ ತಂದಿತು. ಒತ್ತಿದ ಅಕ್ಷರ ಮೂಡದಿರುವುದು, ಒಂದು ಒತ್ತಿಗೆ ಎರಡು ಅಕ್ಷರ ಮೂಡುವುದು ಎಂಬ ದೂರುಗಳು ಹೆಚ್ಚಿ, 2018ರಲ್ಲಿ ಉಚಿತ ದುರಸ್ತಿಯ ಯೋಜನೆಯನ್ನು ಪ್ರಕಟಿಸಿ, 2019ರಲ್ಲಿ ಆ ಸಂಸ್ಥೆ ಕತ್ತರಿ ಮಾದರಿಗೇ ಮರಳಲಾರಂಭಿಸಿತು. ತೆಳುವಾಗುವುದಕ್ಕೂ ಒಂದು ಮಿತಿಯುಂಟೆಂಬುದಕ್ಕೆ ಇದು ನಿದರ್ಶನ.

ಇನ್ನು ಕನ್ನಡದ ವಿಷಯ. ಕೆ. ಪಿ. ರಾವ್ ಅವರು ರೂಪಿಸಿದ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಮನೆಮಾತಾದ, ಕರ್ನಾಟಕ ಸರ್ಕಾರವೂ ಅಂಗೀಕರಿಸಿದ ಧ್ವನ್ಯಾತ್ಮಕ ವಿನ್ಯಾಸವನ್ನೇ ನಮ್ಮಲ್ಲಿ ಹಲವರು ಬಳಸುತ್ತೇವೆ. ಅದರ ತರ್ಕ ಸರಳ ಹಾಗೂ ಸುಂದರ. ವ್ಯಂಜನದ ಕೀಲಿಯೊತ್ತಿದರೆ ಅಕಾರಯುಕ್ತ ಅಕ್ಷರ ಮೂಡುತ್ತದೆ. ಶಿಫ್ಟ್ ಕೀಲಿಯೊಡನೆ ಒತ್ತಿದರೆ ಅಲ್ಪಪ್ರಾಣ ಮಹಾಪ್ರಾಣವಾಗುತ್ತದೆ, ಹ್ರಸ್ವ ದೀರ್ಘವಾಗುತ್ತದೆ, ನಕಾರ ಣಕಾರವಾಗುತ್ತದೆ, ಲಕಾರ ಳಕಾರವಾಗುತ್ತದೆ. ಒತ್ತಕ್ಷರ ಬೇಕಾದಾಗ ಎರಡು ವ್ಯಂಜನಗಳ ನಡುವೆ ಎಫ್ ಕೀಲಿಯನ್ನು ಒತ್ತಬೇಕು. ಹೀಗೆ ‘ರತ್ನ’ ಎಂಬುದಕ್ಕೆ ಆರ್, ಟಿ, ಎಫ್, ಎನ್ ಎಂಬ ನಾಲ್ಕು ಒತ್ತುಗಳು ಸಾಕು. ಇಲ್ಲಿ ಅನಗತ್ಯವಾದ ಒತ್ತು ಒಂದೂ ಇಲ್ಲ. ಈ ಮಿತವ್ಯಯವೇ ತೊಡಕಿನ ಮೂಲವೂ ಆಗಿದೆ. ಎಫ್ ಒಂದು ತಪ್ಪಿದರೆ ಉಳಿಯುವುದು ‘ರತನ’. ಅದು ಅಕ್ಷರಗಳ ಅಸಂಬದ್ಧ ರಾಶಿಯಲ್ಲ, ಕಿವಿಗೆ ಪರಿಚಿತವಾದ ಒಂದು ರೂಪ.

ಎಫ್ ಕೀಲಿಯೇ ಏಕೆ ತಪ್ಪಬೇಕು? ಬೆರಳಚ್ಚಿನ ಕ್ರಮಬದ್ಧ ಅಭ್ಯಾಸದಲ್ಲಿ ಆರ್, ಟಿ, ಎಫ್, ಜಿ, ವಿ, ಬಿ ಎಂಬ ಆರು ಕೀಲಿಗಳೂ ಎಡಗೈಯ ತೋರುಬೆರಳಿನ ಪಾಲು. ಎಂದರೆ ರ, ತ, ಗ, ವ, ಬಗಳನ್ನೂ ಅವುಗಳನ್ನು ಒತ್ತಾಗಿಸುವ ಕೊಂಡಿಯನ್ನೂ ಒಂದೇ ಬೆರಳು ಒತ್ತಬೇಕು. ‘ರತ್ನ’ದಲ್ಲಿ ಆ ಬೆರಳು ಮೂರು ಸಲ ಎದ್ದು ಇಳಿಯುತ್ತದೆ. ‘ಗರ್ಭ’ ಎಂಬಲ್ಲಿ ನಾಲ್ಕೂ ಒತ್ತು ಅದರದೇ. ಎತ್ತರದ ಮಣೆಯಲ್ಲಿ ಕೀಲಿ ಪುಟಿದು ಮೇಲೇಳುವುದು ಬೆರಳಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಒತ್ತದೆ ಮುಂದೆ ಸಾಗಿದರೆ ಲಯ ತಪ್ಪಿದಂತಾಗಿ ಕೈ ನಿಲ್ಲುತ್ತದೆ. ಚಪ್ಪಟೆ ಮಣೆಯಲ್ಲಿ ಒತ್ತಿದುದಕ್ಕೂ ಬರಿದೆ ಸವರಿದುದಕ್ಕೂ ಇರುವ ಅಂತರ ಕೂದಲೆಳೆಯಷ್ಟು. ಕೋಲ್ಕತ್ತದ ಮಳೆಗಾಲದ ಸೆಕೆಯಲ್ಲಿ ಬೆವರಿದ ಬೆರಳು ಆ ನುಣುಪಾದ ಮೇಲ್ಮೈಯಲ್ಲಿ ಜಾರಿಹೋಗುವುದೂ ನಮ್ಮ ಅನುಭವಕ್ಕೆ ಬಂದಿತು.

ಪತ್ರ ಬರೆಯುವವನಿಗೆ ಇದು ದೊಡ್ಡ ವಿಷಯವಲ್ಲ. ಅವನ ಕಣ್ಣು ತೆರೆಯ ಮೇಲಿರುತ್ತದೆ. ತಪ್ಪಿದ ಕೂಡಲೇ ತಿದ್ದಿಕೊಳ್ಳುತ್ತಾನೆ. ಪ್ರತಿಕಾರನ ಸ್ಥಿತಿ ಬೇರೆ. ಅವನ ಕಣ್ಣು ಮೂಲದ ಮೇಲಿರುತ್ತದೆ. ತಾನು ಒತ್ತಿದ್ದೇನೆ ಎಂಬುದಕ್ಕೆ ಅವನಿಗೆ ಆ ಕ್ಷಣದಲ್ಲಿ ದೊರೆಯುವ ಸಾಕ್ಷ್ಯ ಸ್ಪರ್ಶ ಮತ್ತು ಸದ್ದು ಎರಡೇ. ಚಪ್ಪಟೆ ಕೀಲಿ ಈ ಎರಡನ್ನೂ ಕುಗ್ಗಿಸುತ್ತದೆ.

ಛಂದಸ್ಸು ಇಂತಹ ತಪ್ಪನ್ನು ಹಿಡಿದುಕೊಡಲಾರದೆ ಎಂದು ಕೇಳಬಹುದು. ಇಲ್ಲಿಯೇ ನಿಜವಾದ ಅಪಾಯವಿರುವುದು. ‘ರತ್ನ’ದಲ್ಲಿ ಒಂದು ಗುರು, ಒಂದು ಲಘು, ಒಟ್ಟು ಮೂರು ಮಾತ್ರೆ. ‘ರತನ’ದಲ್ಲಿ ಮೂರು ಲಘು, ಅದೂ ಮೂರು ಮಾತ್ರೆ. ಒತ್ತಕ್ಷರದ ಹಿಂದಿರುವುದು ಹ್ರಸ್ವಾಕ್ಷರವಾದರೆ, ಒತ್ತು ಬಿಡಿಸಿಕೊಂಡು ಬಿಡಿಯಕ್ಷರವಾದರೂ ಮಾತ್ರೆಯ ಮೊತ್ತ ಬದಲಾಗುವುದಿಲ್ಲ. ಭಾಮಿನಿ ಷಟ್ಪದಿಯ ಮೊದಲ ಸಾಲಿನ 14 ಮಾತ್ರೆಗಳು 14 ಆಗಿಯೇ ಉಳಿಯುತ್ತವೆ. ‘ವಾಕ್ಯ’ ‘ವಾಕಯ’ವಾದರೆ ಒಂದು ಮಾತ್ರೆ ಹೆಚ್ಚಿ ಕಿವಿ ಎಚ್ಚರಗೊಳ್ಳುತ್ತದೆ, ‘ಧರ್ಮ’ ‘ಧರಮ’ವಾದರೆ ಎಚ್ಚರಗೊಳ್ಳುವುದಿಲ್ಲ.

ಶಿಫ್ಟ್ ಕೀಲಿಯ ತಪ್ಪುಗಳಲ್ಲಿಯೂ ಇಂತಹುದೇ ಎರಡು ಬಗೆಗಳನ್ನು ಕಾಣಬಹುದು. ‘ಕೋಡು’ ‘ಕೊಡು’ವಾದರೆ, ‘ಸೂಡು’ ‘ಸುಡು’ವಾದರೆ ಮಾತ್ರೆ ಕಡಮೆಯಾಗಿ ಪದ್ಯದಲ್ಲಿ ಸಿಕ್ಕಿಬೀಳುತ್ತದೆ. ‘ಬೆಳೆ’ ‘ಬೆಲೆ’ಯಾದರೆ, ‘ಬಳಿ’ ‘ಬಲಿ’ಯಾದರೆ ಮಾತ್ರೆಯಲ್ಲಿ ವ್ಯತ್ಯಾಸವಿಲ್ಲ, ಎರಡೂ ಸಾರ್ಥಕ ಪದಗಳೇ. ಕಿರುಬೆರಳು ಶಿಫ್ಟ್ ಕೀಲಿಯನ್ನು ಕ್ಷಣಕಾಲ ಮೊದಲೇ ಬಿಟ್ಟರೆ ಇದು ಸಂಭವಿಸುತ್ತದೆ. ಕೀಲಿಯ ಇಳಿತ ಎಷ್ಟು ಕಡಮೆಯೋ ಅಷ್ಟು ಸುಲಭವಾಗಿ ಸಂಭವಿಸುತ್ತದೆ. ವಚನಗಳನ್ನು ಪ್ರತಿಮಾಡುವವರಂತೂ ಇನ್ನಷ್ಟು ಜಾಗರೂಕರಾಗಿರಬೇಕು. ಅಲ್ಲಿ ಛಂದಸ್ಸಿನ ಕಾವಲೇ ಇಲ್ಲ.

ಅಕ್ಷರಕ್ಕೂ ಬೆರಳಿಗೂ ಇರುವ ಈ ನಂಟಿಗೆ ಕೋಲ್ಕತ್ತದ ಪರಿಸರದಲ್ಲಿ ದೀರ್ಘವಾದ ಇತಿಹಾಸವಿದೆ. ನಗರದ ಉತ್ತರಕ್ಕೆ ಹೂಗ್ಲಿ ನದಿಯ ಪಶ್ಚಿಮ ದಡದಲ್ಲಿರುವ ಶ್ರೀರಾಮಪುರದ ಮಿಷನ್ ಮುದ್ರಣಾಲಯದಲ್ಲಿ ವಿಲಿಯಂ ಕೇರಿಯವರ ಕರ್ಣಾಟ ಭಾಷೆಯ ವ್ಯಾಕರಣ 1817ರಲ್ಲಿ ಅಚ್ಚಾಯಿತು. ಮೊಳೆಜೋಡಿಸುವವನಿಗೆ ಅಕ್ಷರವೆಂಬುದು ಕೈಯಿಂದ ಎತ್ತಿ ಇಡುವ ಸೀಸದ ತುಂಡಾಗಿತ್ತು. ಅದರ ಭಾರವೇ ಅವನಿಗೆ ಸಾಕ್ಷಿ. ಬೆರಳಚ್ಚು ಯಂತ್ರದ ಕಾಲದಲ್ಲಿಯೂ ಈ ಸಾಕ್ಷ್ಯ ಉಳಿಯಿತು. 1878ರ ಎರಡನೆಯ ರೆಮಿಂಗ್ಟನ್ ಯಂತ್ರದಲ್ಲಿ ಶಿಫ್ಟ್ ಕೀಲಿ ಬಂದಾಗ ಅದು ಯಂತ್ರದ ಭಾಗವೊಂದನ್ನು ನಿಜವಾಗಿಯೂ ಸ್ಥಾನಪಲ್ಲಟಗೊಳಿಸುತ್ತಿತ್ತು. ಅನಂತ ಸುಬ್ಬರಾಯರು ಕನ್ನಡ ಬೆರಳಚ್ಚಿಗೆ ರೂಪಿಸಿದ ಕೀಲಿಮಣೆಯಲ್ಲಿ ಕೆಲಸ ಕಲಿತ ಹಿರಿಯರನ್ನು ಕೇಳಿದರೆ, ಒತ್ತು ಸಾಲದಿದ್ದರೆ ಮಸಿ ಮೂಡುತ್ತಿರಲಿಲ್ಲವೆಂಬುದನ್ನು ಅವರು ಹೇಳುತ್ತಾರೆ. ಗಣಕದ ಕೀಲಿಗೆ ಆ ಬಲ ಬೇಕಾಗಿಲ್ಲ. ಎತ್ತರದ ಕೀಲಿಮಣೆ ಹಳೆಯ ಯಂತ್ರದ ಸ್ಪರ್ಶವನ್ನು ಕೆಲಮಟ್ಟಿಗೆ ಉಳಿಸಿಕೊಂಡಿತು. ಚಪ್ಪಟೆ ಕೀಲಿಮಣೆ ಅದನ್ನು ಬಿಟ್ಟುಕೊಟ್ಟಿತು.

ವಂಗಭಾಷೆಯ ಸ್ನೇಹಿತರೊಬ್ಬರೊಡನೆ ಈ ವಿಷಯ ಚರ್ಚಿಸಿದಾಗ ಮತ್ತೊಂದು ಅಂಶ ತಿಳಿಯಿತು. 2003ರಲ್ಲಿ ಬಾಂಗ್ಲಾದೇಶದಲ್ಲಿ ಹುಟ್ಟಿ ಕೋಲ್ಕತ್ತದಲ್ಲೂ ಬಳಕೆಗೆ ಬಂದ ‘ಅಭ್ರ’ ತಂತ್ರಾಂಶದ ಧ್ವನ್ಯಾತ್ಮಕ ಕ್ರಮದಲ್ಲಿ ನಡುವೆ ಸ್ವರವನ್ನು ಒತ್ತದಿದ್ದರೆ ವ್ಯಂಜನಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ಆದುದರಿಂದ ಅಲ್ಲಿ ಕೀಲಿ ತಪ್ಪಿದರೆ ಇಲ್ಲದ ಸಂಯುಕ್ತಾಕ್ಷರ ಹುಟ್ಟುತ್ತದೆ. ನಮ್ಮಲ್ಲಿ ಇರುವ ಸಂಯುಕ್ತಾಕ್ಷರ ಒಡೆಯುತ್ತದೆ. ಭಾರತ ಸರ್ಕಾರದ ಶಿಷ್ಟ ವಿನ್ಯಾಸವಾದ ಇನ್‌ಸ್ಕ್ರಿಪ್ಟ್‌ನಲ್ಲಿ ಹೆಚ್ಚಿನ ವ್ಯಂಜನಗಳು ಬಲಗೈಗೂ ಹಲಂತದ ಕೀಲಿ ಎಡಗೈಯ ನಡುಬೆರಳಿಗೂ ಸೇರಿರುವುದರಿಂದ ಒಂದೇ ಬೆರಳಿನ ಮೇಲೆ ಹೊರೆ ಬೀಳುವ ಸಂದರ್ಭ ಕಡಮೆ. ತಪ್ಪಿನ ಸ್ವರೂಪವನ್ನು ನಿರ್ಧರಿಸುವುದು ಮಣೆಯ ಎತ್ತರವೊಂದೇ ಅಲ್ಲ, ಅದರ ಮೇಲಿನ ವಿನ್ಯಾಸವೂ ಹೌದು.

ಇಷ್ಟು ಹೇಳಿದ ಮಾತ್ರಕ್ಕೆ ಚಪ್ಪಟೆ ಕೀಲಿಮಣೆ ತ್ಯಾಜ್ಯವೆಂದು ನಮ್ಮ ಅಭಿಪ್ರಾಯವಲ್ಲ. ಅದು ಹಗುರ, ಗ್ರಂಥಾಲಯದ ವಾಚನ ಕೊಠಡಿಯಲ್ಲಿ ಪಕ್ಕದವರಿಗೆ ತೊಂದರೆ ಕೊಡುವುದಿಲ್ಲ. ಯಾಂತ್ರಿಕ ಕೀಲಿಗಳ ಟಪಟಪ ಸದ್ದನ್ನು ಅಲ್ಲಿ ಯಾರೂ ಸಹಿಸಲಾರರು. ಮಣೆ ತಗ್ಗಾಗಿರುವುದರಿಂದ ಮಣಿಕಟ್ಟು ಮೇಲಕ್ಕೆ ಬಾಗದೆ ನೇರವಾಗಿರಲು ಅನುಕೂಲ. ಎತ್ತರದ ಮಣೆಯ ಹಿಂಗಾಲುಗಳನ್ನು ಎತ್ತಿ ನಿಲ್ಲಿಸಿ ಗಂಟೆಗಟ್ಟಲೆ ಕೆಲಸ ಮಾಡಿದರೆ ಮಣಿಕಟ್ಟು ನೋಯುವುದು ಸಹಜ. ಆ ಕಾಲುಗಳನ್ನು ಮಡಿಸಿಡುವುದೇ ಲೇಸು. ಲ್ಯಾಪ್‌ಟಾಪಿನ ನಿಜವಾದ ದೋಷ, ತೆರೆ ಮತ್ತು ಮಣೆ ಒಂದಕ್ಕೊಂದು ಅಂಟಿಕೊಂಡಿರುವುದು. ತೆರೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿದರೆ ಕೈ ನೋಯುತ್ತದೆ, ಮಣೆಯನ್ನು ಕೈಗೆ ಎಟುಕಿಸಿದರೆ ಕತ್ತು ಬಾಗುತ್ತದೆ. ಪ್ರತ್ಯೇಕ ಕೀಲಿಮಣೆಯೊಂದನ್ನು ಜೋಡಿಸಿಕೊಂಡರೆ ಎರಡೂ ತೊಡಕು ನೀಗುತ್ತವೆ.

ನಾವು ಮಾಡಿದ್ದೂ ಅದನ್ನೇ. ನಗರದ ಚಾಂದನಿ ಚೌಕದ ಅಂಗಡಿಯೊಂದರಲ್ಲಿ ಎತ್ತರದ ಕೀಲಿಮಣೆಯೊಂದನ್ನು ಕೊಂಡು, ಉಳಿದ ಸಂಧಿಗಳನ್ನು ಅದರಲ್ಲಿಯೇ ಪ್ರತಿಮಾಡಿದೆವು. ತಪ್ಪುಗಳು ಪೂರ್ತಿಯಾಗಿ ನಿಲ್ಲಲಿಲ್ಲ. ಆದರೆ ತಪ್ಪಿದ್ದು ತಪ್ಪಿದಾಗಲೇ ಕೈಗೆ ತಿಳಿಯುವಂತಾಯಿತು. ಮೊದಲಿನ ಎರಡು ಸಂಧಿಗಳನ್ನು ಮೂಲದೊಡನೆ ಅಕ್ಷರಶಃ ಮತ್ತೆ ತಾಳೆನೋಡಬೇಕಾಯಿತು.

ಈ ಅನುಭವದಿಂದ ಕೆಲವು ಸೂಚನೆಗಳನ್ನು ಮುಂದಿಡಬಹುದು. ಟಿಪ್ಪಣಿಗಳಿಗೆ ಯಾವ ಕೀಲಿಮಣೆಯಾದರೂ ಸಾಕು. ಮೂಲಪಾಠದ ಪ್ರತಿಲೇಖನಕ್ಕೆ ಸ್ಪರ್ಶ ಸ್ಪಷ್ಟವಾಗಿರುವ ಮಣೆ ಬೇಕು. ಪ್ರತಿ ಸಿದ್ಧವಾದ ಮೇಲೆ ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಿ ಇನ್ನೊಬ್ಬರು ತೆರೆಯ ಮೇಲಿನ ಪಾಠವನ್ನು ನೋಡುವ ಹಳೆಯ ಪದ್ಧತಿಯನ್ನು ಬಿಡಬಾರದು. ಸ್ವರಭಕ್ತಿಯ ರೂಪಗಳನ್ನೂ ಲ-ಳ, ನ-ಣಗಳ ವ್ಯತ್ಯಾಸದಿಂದ ಅರ್ಥ ಬದಲಾಗುವ ಪದಗಳನ್ನೂ ಗಣಕದಲ್ಲಿಯೇ ಹುಡುಕಿ, ಒಂದೊಂದನ್ನೂ ಮೂಲದೊಡನೆ ಹೋಲಿಸಿದ ಹೊರತು ಪಾಠಾಂತರವೆಂದು ದಾಖಲಿಸಬಾರದು.

ಓಲೆಪ್ರತಿಗಳ ಕೊನೆಯಲ್ಲಿ, ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂದು ಲಿಪಿಕಾರರು ಓದುಗರನ್ನು ಬೇಡಿಕೊಳ್ಳುವ ವಾಡಿಕೆಯುಂಟು. ಆವೃತ್ತಿಯ ಪೀಠಿಕೆಯಲ್ಲಿ ಹಸ್ತಪ್ರತಿಗಳ ವಿವರದೊಡನೆ, ಪಾಠವನ್ನು ಯಾವ ವಿನ್ಯಾಸದ ಯಾವ ಬಗೆಯ ಕೀಲಿಮಣೆಯಲ್ಲಿ ಪ್ರತಿಮಾಡಲಾಯಿತೆಂಬ ಒಂದು ವಾಕ್ಯವನ್ನೂ ಸೇರಿಸಿದರೆ ನಾವೂ ಆ ವಾಡಿಕೆಯನ್ನು ನಡೆಸಿಕೊಂಡು ಬಂದಂತಾಗುತ್ತದೆ. ಮುಂದಿನ ಸಂಪಾದಕರಿಗೆ ನಮ್ಮ ತಪ್ಪುಗಳನ್ನು ಹುಡುಕುವುದೂ ಸುಲಭವಾಗುತ್ತದೆ.