ಸರ್ಪಗಳ ವರ್ಣಭೇದವೂ ಮನುಷ್ಯನ ಆಯ್ಕೆಯೂ

ಸರ್ಪಗಳನ್ನು ಮೈಗುರುತಿನಿಂದ ವಿಂಗಡಿಸುವ ಕ್ರಮವು ನಮ್ಮಲ್ಲಿ ಪ್ರಾಚೀನವಾದುದು. ಸುಶ್ರುತಸಂಹಿತೆಯ ಕಲ್ಪಸ್ಥಾನವು ಹೆಡೆಯುಳ್ಳ ದರ್ವೀಕರ, ಮಂಡಲಗಳುಳ್ಳ ಮಂಡಲಿ, ಗೆರೆಗಳುಳ್ಳ ರಾಜಿಮಂತಗಳೊಡನೆ ಸಂಕರಜಾತವಾದ ವೈಕರಂಜವನ್ನೂ ಹೇಳುತ್ತದೆ. ಅದು ಕಂಡುದರ ನಿರೂಪಣೆ. ಇಂದು ಅಮೆರಿಕ, ಯೂರೋಪುಗಳಲ್ಲಿ ನಡೆಯುತ್ತಿರುವುದಾದರೋ ಬಯಸಿದುದರ ನಿರ್ಮಾಣ. ಆಫ್ರಿಕಾದ ಬಾಲ್ ಪೈಥಾನೆಂಬ ಹೆಬ್ಬಾವಿನಲ್ಲಿ ಕಪ್ಪುವರ್ಣದ ಲೋಪವು ತಾಯಿತಂದೆಗಳಿಬ್ಬರಿಂದಲೂ ಬಂದಲ್ಲದೆ ವ್ಯಕ್ತವಾಗದು. ಅದನ್ನು ಗುಪ್ತವಾಗಿ ಧರಿಸಿದ ಗಂಡುಹೆಣ್ಣುಗಳನ್ನು ಕೂಡಿಸಿದರೆ ಸರಾಸರಿ 4ರಲ್ಲಿ 1 ಮರಿ ಬಿಳಿ-ಹಳದಿಯಾಗಿ ಹುಟ್ಟುವುದು. ಜೇಡರಬಲೆಯಂತಹ ಚಿತ್ತಾರಕ್ಕಾಗಿ ಬೆಳೆಸಿದ 'ಸ್ಪೈಡರ್' ತಳಿಯಲ್ಲಿ ಚಿತ್ತಾರದೊಡನೆ ತಲೆಯ ಕಂಪವೂ ವಂಶಾನುಗತವಾಗಿದೆ. ಅದರ ಒಳಕಿವಿಯ ವಿಕೃತಿಯನ್ನು ಶಾಸ್ತ್ರಜ್ಞರು 2022ರಲ್ಲಿ ಪ್ರಕಟಪಡಿಸಿದರು. ನಮ್ಮ ಸಾಲಗಾಮೆಯ ಹೊಲದ ನಾಗರಹಾವನ್ನು 1972ರ ವನ್ಯಜೀವಿ ಕಾಯಿದೆಯಂತೆ ಹಿಡಿದು ಸಾಕುವಂತಿಲ್ಲವಾದುದರಿಂದ ಅದಕ್ಕೆ ಈ ಭಯವಿಲ್ಲ. ವರ್ಣವನ್ನು ಆಯುವವನು ಅದರೊಡನೆ ವ್ಯಾಧಿಯನ್ನೂ ಆಯ್ದಿರಬಹುದೆಂಬುದು ಇದರಿಂದ ವಿದಿತವಾಗುತ್ತದೆ.