ನೋವಿಗೆ ಅಳತೆಗೋಲುಂಟೆ?

ಉದ್ದವನ್ನಳೆಯಲು ಮೀಟರ್ ಕೋಲುಂಟು, ಜ್ವರವನ್ನಳೆಯಲು ಉಷ್ಣಮಾಪಕವುಂಟು. ಆದರೆ “ಹೊಟ್ಟೆ ಬಿಗಿದಂತಿದೆ, ಎರಡು ತುತ್ತಿಗೇ ಸಾಕೆನಿಸುತ್ತದೆ” ಎಂದು ರೋಗಿಯೊಬ್ಬಳು ಹೇಳಿದರೆ ಅದನ್ನಳೆಯುವ ಉಪಕರಣ ಯಾವುದು?

ಅಂಡಾಶಯದ ಕ್ಯಾನ್ಸರ್ ರೋಗವು ಹೊಟ್ಟೆಯ ಒಳಪೊರೆಯ ಮೇಲೆ ಹರಡುವ ಸ್ವಭಾವದ್ದು. ಅನೇಕ ವೇಳೆ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತದೆ. ಕರುಳಿನ ಕೆಲಸ ಕೆಡುತ್ತದೆ. ಶಸ್ತ್ರಚಿಕಿತ್ಸೆ ಮತ್ತು ಔಷಧಗಳಿಂದಲೂ ಬಾಧೆಯುಂಟು. ಗಡ್ಡೆಯ ಗಾತ್ರವನ್ನು ಯಂತ್ರವು ತೋರಿಸಬಲ್ಲದು. ಬಾಧೆಯನ್ನು ಬಲ್ಲವಳು ರೋಗಿಯೊಬ್ಬಳೇ.

ಆದುದರಿಂದ ಅವಳನ್ನೇ ಕೇಳಬೇಕು, ಕೇಳುವುದರಲ್ಲಿ ಕ್ರಮವಿರಬೇಕು. ಕ್ಯಾನ್ಸರ್ ಸಂಶೋಧನೆ ಮತ್ತು ಚಿಕಿತ್ಸೆಯ ಯೂರೋಪಿಯನ್ ಸಂಸ್ಥೆಯ 30 ಪ್ರಶ್ನೆಗಳ ಪಟ್ಟಿಯೊಂದು 1993ರಲ್ಲಿ ಪ್ರಕಟವಾಯಿತು. ಅದರೊಡನೆ ಬಳಸಲು, ಅಂಡಾಶಯದ ಕ್ಯಾನ್ಸರಿಗೆಂದೇ ರಚಿತವಾದ 28 ಪ್ರಶ್ನೆಗಳು 2003ರಲ್ಲಿ ಹೊರಬಂದವು. ಕಳೆದ ಒಂದು ವಾರದಲ್ಲಿ ಹೊಟ್ಟೆನೋವು, ಉಬ್ಬರ, ಅಜೀರ್ಣಗಳಿದ್ದುವೆ, ಉಟ್ಟ ಬಟ್ಟೆ ಬಿಗಿಯೆನಿಸಿತೆ ಎಂಬಂಥ ಪ್ರಶ್ನೆಗಳು ಅದರಲ್ಲಿವೆ. ‘ಇಲ್ಲವೇ ಇಲ್ಲ’ ಎಂಬುದಕ್ಕೆ 1. ‘ಬಹಳ’ ಎಂಬುದಕ್ಕೆ 4.

ನಾಲ್ಕು ಪ್ರಶ್ನೆಗಳಿಗೆ 2, 3, 3, 2 ಎಂಬ ಉತ್ತರಗಳು ಬಂದುವೆನ್ನೋಣ. ಸರಾಸರಿ 2.5. ಇದರಿಂದ 1ನ್ನು ಕಳೆದು, 3ರಿಂದ ಭಾಗಿಸಿ, 100ರಿಂದ ಗುಣಿಸಿದರೆ 50 ದೊರೆಯುತ್ತದೆ. ಸೊನ್ನೆಯೆಂದರೆ ಬಾಧೆಯಿಲ್ಲ, ನೂರೆಂದರೆ ಪರಮಾವಧಿ.

ಇದು ನಿಜವಾದ ಅಳತೆಯೇ ಎಂದು ವಾಚಕರು ಕೇಳಬಹುದು. ಖನಿಜಗಳ ಕಾಠಿಣ್ಯವನ್ನು ಸೂಚಿಸುವ ಮೋಸ್ ಮಾನವನ್ನು ನೆನೆಯೋಣ. ಅಲ್ಲಿ ವಜ್ರಕ್ಕೆ 10, ಕುರುಂದಕ್ಕೆ 9. ಆದರೆ ಮೆಟ್ಟಿಲುಗಳೆಲ್ಲ ಸಮಾನವಲ್ಲ. ಹಾಗೆಯೇ ಇಲ್ಲಿಯೂ 50 ಎಂಬುದು 25ರ ಇಮ್ಮಡಿ ನೋವೆಂದು ಹೇಳಲಾಗದು. ಆದರೂ ಸ್ಥಿತಿ ಬದಲಾಗದಿದ್ದರೆ ಅಂಕವೂ ಬದಲಾಗದೆ, ಬಾಧೆ ಹೆಚ್ಚಿದಾಗ ಅಂಕವೂ ಏರುವುದಾದರೆ, ಆ ಕೋಲನ್ನು ನಾವು ನಂಬಬಹುದು.

ಇದರ ಪ್ರಯೋಜನವನ್ನು 2006ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಕಾಣಬಹುದು. ಕೆಲವರಿಗೆ ಔಷಧಗಳನ್ನು ರಕ್ತನಾಳದ ಮೂಲಕವೇ ಕೊಟ್ಟರು. ಉಳಿದವರಿಗೆ ನಳಿಕೆಯ ಮೂಲಕ ಹೊಟ್ಟೆಯೊಳಕ್ಕೂ ಹಾಯಿಸಿದರು. ಬದುಕಿದ ಅವಧಿಯ ಮಧ್ಯಾಂಕವು ಮೊದಲ ಗುಂಪಿನಲ್ಲಿ 49.7 ತಿಂಗಳು, ಎರಡನೆಯದರಲ್ಲಿ 65.6 ತಿಂಗಳು. ಆದರೆ ನಾಲ್ಕನೆಯ ಸರದಿಗೆ ಮುನ್ನ ಕೇಳಿದಾಗ ಎರಡನೆಯ ಗುಂಪಿನವರ ಹೊಟ್ಟೆಯ ಬಾಧೆ ಹೆಚ್ಚಾಗಿತ್ತು. ಅವರಲ್ಲಿ ಆರು ಸರದಿಗಳನ್ನೂ ಆ ಮಾರ್ಗದಲ್ಲೇ ಮುಗಿಸಿದವರು ನೂರಕ್ಕೆ 42 ಮಂದಿ ಮಾತ್ರ. ಚಿಕಿತ್ಸೆ ಮುಗಿದು ವರ್ಷವಾದ ಮೇಲೆ ಎರಡು ಗುಂಪುಗಳ ಒಟ್ಟು ಜೀವನಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ಭೇದ ಕಾಣಲಿಲ್ಲ. 2019ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಎಲ್ಲರಿಗೂ ಬೇರೊಂದು ಔಷಧವನ್ನೂ ಸೇರಿಸಿ ಕೊಟ್ಟಾಗ, ಹೊಟ್ಟೆಯ ಮಾರ್ಗಕ್ಕೆ ಮೇಲುಗೈ ದೊರೆಯಲಿಲ್ಲ.

ಲಾಭವನ್ನು ತಿಂಗಳುಗಳಲ್ಲಿ ಎಣಿಸಿ ನೋವನ್ನು ಎಣಿಸದೆ ಬಿಟ್ಟರೆ, ಅದು ಒಂದೇ ತಟ್ಟೆಯ ತಕ್ಕಡಿಯಾದೀತು. ಚಿಕಿತ್ಸೆಯನ್ನು ಆರಿಸಿಕೊಳ್ಳಬೇಕಾದ ಹೆಂಗಸಿಗೆ ಎರಡು ತಟ್ಟೆಗಳೂ ಬೇಕು. ಎರಡನೆಯ ತಟ್ಟೆಯಲ್ಲಿ ಇಡುವ ಬಟ್ಟು ಅವಳಿಗಿಂತ ಮುಂಚೆ ಅದೇ ನೋವನ್ನುಂಡವರ ಉತ್ತರಗಳಿಂದಲೇ ಆದುದು.